ಸರಕಾರಿ ಕೈ, ಸುರಮೈ ಮೀನು

ಮೀನು ಮುಟ್ಟದ ಮನೆಯಲ್ಲಿ ಹುಟ್ಟಿದವನು ನಾನು. ಧಾರವಾಡದ ನಮ್ಮ ಓಣಿಯಲ್ಲಿ ಮೀನು ಎಂದರೆ ಶಾಲೆಯ ಗೋಡೆಯ ಮೇಲೆ ಬರೆದ ಚಿತ್ರ, ಇಲ್ಲವೇ ಪಂಚಾಂಗದ ಕೊನೆಯ ರಾಶಿ. ಅಂಥವನಿಗೆ ಮುಂಬಯಿಯಲ್ಲಿ ಆಹಾರ ಸುರಕ್ಷತಾ ಅಧಿಕಾರಿಯ ನೌಕರಿ ಸಿಕ್ಕಿತು. ಇಪ್ಪತ್ತೆರಡು ವರ್ಷ ಹಾಲಿನ ಹಿಂದೆ ಓಡಾಡಿ, ನಿವೃತ್ತಿಗೆ ಇನ್ನು ಮೂರೇ ವರ್ಷ ಎನ್ನುವಾಗ ಮೀನು ಬಂದು ಗಂಟುಬಿತ್ತು.

ಹಾಲಿನಲ್ಲಿ ನಾನು ಹುಲಿ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಅಂದರೆ ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ. ಉಪನಗರದ ತಬೇಲಾಗಳ ಎಮ್ಮೆಗಳಿಗೂ ನನ್ನ ಗುರುತಿತ್ತು. ಕ್ಯಾನಿನ ಹಾಲು ಕಲಕು, ನಾಲ್ಕು ಬಾಟಲಿಗೆ ಸಮನಾಗಿ ಸುರಿ, ಕೆಡದ ಹಾಗೆ ಹನಿ ಹಾಕು, ಬಿರಡೆ ಜಡಿ, ಚೀಟಿ ಬರೆದು ಅಂಟಿಸು, ದಾರ ಸುತ್ತು, ಅರಗಿನ ಮುದ್ರೆ ಒತ್ತು, ಸಾಕ್ಷಿಯ ಸಹಿ ತೆಗೆದುಕೋ. ಒಂದು ಬಾಟಲಿ ಪ್ರಯೋಗಾಲಯಕ್ಕೆ, ಉಳಿದ ಮೂರು ಮುಂದೆ ತಕರಾರು ಬಂದರೆ ಇರಲಿ ಎಂದು ಕಚೇರಿಯ ಫ್ರಿಜ್ಜಿಗೆ. ಈ ಕೆಲಸ ಮಾಡೀ ಮಾಡೀ ನನ್ನ ಕೈಗಳಿಗೆ ನನ್ನ ಅವಶ್ಯಕತೆಯೇ ಉಳಿದಿರಲಿಲ್ಲ. ಅವು ಅವುಗಳ ಪಾಡಿಗೆ ದುಡಿಯುತ್ತಿದ್ದರೆ ನಾನು ಡಬ್ಬಿಯಲ್ಲಿ ಹೆಂಡತಿ ಏನು ಕಟ್ಟಿರಬಹುದು ಎಂದು ಯೋಚಿಸುತ್ತಿದ್ದೆ.

ಆ ವರ್ಷ ಎಲ್ಲರ ಮೊಬೈಲಿನಲ್ಲೂ ಒಂದೇ ಸುದ್ದಿ. ಮೀನು ಕೊಳೆಯದಂತೆ ಅದಕ್ಕೆ ಫಾರ್ಮಲಿನ್ ಹಾಕುತ್ತಾರಂತೆ, ಶವಾಗಾರದಲ್ಲಿ ಹೆಣ ಕೆಡದಂತೆ ಬಳಸುವ ಅದೇ ಫಾರ್ಮಲಿನ್. ಕಾನೂನೇನೋ ಇತ್ತು. ಆದರೆ ನಮ್ಮ ವಿಭಾಗದಲ್ಲಿ ಅದುವರೆಗೆ ಮೀನಿನ ಮೇಲೆ ಒಂದೂ ಕೇಸು ಬಿದ್ದಿರಲಿಲ್ಲ. ನಮ್ಮ ಸಾಹೇಬರಿಗೆ ಮೊದಲನೆಯದು ಎಂದರೆ ಪ್ರಾಣ. ಮೊದಲ ಪನೀರ್ ಕೇಸು, ಮೊದಲ ಮಾವಿನಹಣ್ಣಿನ ಕೇಸು ಎಲ್ಲ ಅವರವೇ. ಅಂಧೇರಿಯ ಒಂದು ಹೌಸಿಂಗ್ ಸೊಸೈಟಿಯಿಂದ ದೂರು ಬಂದದ್ದೇ ತಡ, ನನ್ನನ್ನು ಕರೆಸಿದರು.

"ಸಾಹೇಬ್, ನಾನು ಶಾಕಾಹಾರಿ," ಎಂದೆ.

"ಹಿಡಿ ಅಂದೆ, ತಿನ್ನು ಅನ್ನಲಿಲ್ಲ," ಎಂದರು. "ತಿನ್ನುವವರನ್ನು ಕಳಿಸಿದರೆ ಪಕ್ಷಪಾತ ಆಗುತ್ತದೆ. ನೀನೇ ಸರಿ."

ಮನೆಯಲ್ಲಿ ಹೆಂಡತಿ ವಿಷಯ ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತಳು. ಅವಳ ತವರು ವಿಜಯಪುರ. ಮುಂಬಯಿಗೆ ಬಂದು ಇಪ್ಪತ್ತು ವರ್ಷವಾದರೂ ಲೋಕಲ್ ಗಾಡಿಯಲ್ಲಿ ಮೀನಿನ ಬುಟ್ಟಿ ಹತ್ತಿದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೇರೆ ಡಬ್ಬಿ ಹತ್ತುವವಳು. ಬೆಳಿಗ್ಗೆ ನನ್ನ ಕರವಸ್ತ್ರದಲ್ಲಿ ಕರ್ಪೂರದ ಗಟ್ಟಿಗಳನ್ನು ಕಟ್ಟಿಕೊಟ್ಟು ಅಪ್ಪಣೆ ಮಾಡಿದಳು: "ವಾಪಸ್ ಬಂದಾಗ ಬೆಲ್ ಕೈಲೆ ಒತ್ತಬ್ಯಾಡ್ರಿ. ಮೊಣಕೈಲೆ ಒತ್ರಿ. ಬಾಗಲಾ ನಾ ತಗೀತೀನಿ, ನೀವು ಏನೂ ಮುಟ್ಟದ ಸೀದಾ ಬಚ್ಚಲಕ್ಕ ನಡೀರಿ."

ಮಾರುಕಟ್ಟೆಗೆ ಕಾಲಿಟ್ಟಾಗ ಕರ್ಪೂರ ಮೂಗಿಗೆ ಹಿಡಿದಿದ್ದೆ. ಮೀನು ಮಾರುವ ಹೆಂಗಸರೆಲ್ಲ ನನ್ನನ್ನು ನೋಡಿ ಯಾರದೋ ಮನೆಯ ಪೂಜೆಗೆ ಹೊರಟ ಭಟ್ಟ ದಾರಿ ತಪ್ಪಿ ಬಂದಿದ್ದಾನೆ ಅಂದುಕೊಂಡಿರಬೇಕು. ದೂರಿನಲ್ಲಿ ಹೇಳಿದ್ದ ಕಟ್ಟೆ ಮೂಲೆಯಲ್ಲಿತ್ತು. ಅದರ ಮೇಲೆ ಕೂತವಳು ಐವತ್ತು ದಾಟಿದ, ಮುಂಬಯಿಯ ಬೆಸ್ತರಾದ ಕೋಳಿ ಜನರ ಹೆಂಗಸು, ಮಾರುಕಟ್ಟೆಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ. ಮುಡಿಯಲ್ಲಿ ಅಬ್ಬಲಿಗೆ ದಂಡೆ, ಕೈಯಲ್ಲಿ ಮೊಳದುದ್ದದ ಕತ್ತಿ. ಅವಳು ಆಡಿದ್ದೆಲ್ಲ ಮರಾಠಿ. ಆದರೆ ನನ್ನ ಕಿವಿಯೊಳಗೆ ಹೋದ ಮರಾಠಿ ಧಾರವಾಡದ ಮಾತಾಗಿಯೇ ಹೊರಬರುತ್ತದೆ, ಹಾಗೇ ಬರೆಯುತ್ತೇನೆ.

ಗುರುತಿನ ಚೀಟಿ ತೋರಿಸಿದೆ. ಅವಳು ಅದನ್ನು ನೋಡದೆ ನನ್ನ ಕರವಸ್ತ್ರ ನೋಡಿದಳು. "ನೆಗಡಿ ಆಗೇತೇನು?" ಎಂದಳು.

ಮಾದರಿ ತೆಗೆಯಬೇಕಾದರೆ ಹೊರಗಿನ ಒಬ್ಬ ಸಾಕ್ಷಿ ಬೇಕು. ಸರಕಾರಿ ಕಾಗದ ಕಂಡೊಡನೆ ಗಿರಾಕಿಗಳೆಲ್ಲ ಗುಬ್ಬಿಗಳ ಹಾಗೆ ಹಾರಿಹೋದರು. ಸಿಕ್ಕಿಬಿದ್ದವರು ಒಬ್ಬರೇ, ಎದುರಿನ ಉಡುಪಿ ಹೋಟೆಲಿನ ಮ್ಯಾನೇಜರು. ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಇಡ್ಲಿ ಸಾಂಬಾರಿನ ಲೆಕ್ಕ ನೋಡುವ ಈ ಕರಾವಳಿಯ ಮನುಷ್ಯ ಮನೆಗೆ ಮೀನು ಒಯ್ಯಲು ಬಂದಿದ್ದರು. ಗುರುತಿನ ಚೀಟಿಯಲ್ಲಿ ನನ್ನ ಹೆಸರಿನ ಮುಂದಿದ್ದ ಊರು ನೋಡಿ, ಕನ್ನಡ ಬರುತ್ತದೆಂದು ತಿಳಿದು, ಓಡಲಾಗದೆ ನಿಂತರು.

"ಸಹಿ ಹಾಕುದು ಬೇಕಾದ್ರೆ ಹಾಕ್ತೇನೆ ಮಾರಾಯ್ರೆ," ಎಂದರು. "ಆದ್ರೆ ನಾನು ಉಡುಪಿ ಹೋಟೆಲಿನವ ಅಂತ ಮಾತ್ರ ಅದ್ರಲ್ಲಿ ಬರೀಬೇಡಿ. ನಮ್ಮ ಗಿರಾಕಿಗಳು ಎಲ್ಲ ಶುದ್ಧ ಸಸ್ಯಾಹಾರಿಗಳು."

ಕಟ್ಟೆಯ ಮೇಲಿದ್ದ ಒಂದು ಉದ್ದನೆಯ ಬೆಳ್ಳಿ ಬಣ್ಣದ ಮೀನನ್ನು ತೋರಿಸಿ, ಇದೇ ಎಂದೆ. ಮಾವಶಿ ಅದನ್ನು ಹಲಗೆಯ ಮೇಲೆ ಎಳೆದುಕೊಂಡು ಕತ್ತಿ ಎತ್ತಿ ಕೇಳಿದಳು: "ಹ್ಯಾಂಗ ಹೆಚ್ಚಲಿ? ಫ್ರೈಗೋ, ಸಾರಿಗೋ?"

ನಮ್ಮ ನಿಯಮಗಳ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಸರಕಾರಕ್ಕ," ಎಂದೆ.

"ಸರಕಾರ ಫ್ರೈ ತಿಂತದೋ ಸಾರು ತಿಂತದೋ?"

"ಇದು ಅಂಜಲ್ ಅಲ್ವಾ, ಫ್ರೈಗೇ ಹೇಳಿ," ಎಂದರು ಮ್ಯಾನೇಜರು ಗಂಭೀರವಾಗಿ. "ಸಾರಿಗೆ ಹಾಕಿದ್ರೆ ಅನ್ಯಾಯ ಆಗ್ತದೆ."

ಅವಳು ಅದನ್ನು ಸುರಮೈ ಎನ್ನುತ್ತಿದ್ದಳು, ಇವರು ಅಂಜಲ್ ಎನ್ನುತ್ತಿದ್ದರು. ನನಗೆ ಎರಡೂ ಗೊತ್ತಿರಲಿಲ್ಲ. ನಾನು ಫಾರ್ಮಿನಲ್ಲಿ "ಸುರಮೈ ಉರ್ಫ್ ಅಂಜಲ್" ಎಂದು ಪೊಲೀಸರು ಕಳ್ಳರ ಹೆಸರು ಬರೆಯುವ ರೀತಿಯಲ್ಲಿ ಬರೆದುಕೊಂಡೆ.

ಹಾಲನ್ನು ನಾಲ್ಕು ಸಮಪಾಲು ಮಾಡುವುದು ಸುಲಭ. ಮೀನಿಗೆ ಒಂದೇ ತಲೆ, ಒಂದೇ ಬಾಲ. ತಲೆ ಯಾವ ಪಾಲಿಗೆ ಎಂದು ಮೂವರೂ ಚರ್ಚೆಗೆ ಬಿದ್ದೆವು. ಪ್ರಯೋಗಾಲಯಕ್ಕೆ ತಲೆ ಕಳಿಸಿದರೆ ಅವಮಾನ ಎಂದು ಮ್ಯಾನೇಜರು. ಬಾಲ ಕಳಿಸಿದರೆ ತನಗೆ ಅವಮಾನ ಎಂದು ಮಾವಶಿ. ಕೊನೆಗೆ ತಲೆಯನ್ನೂ ಬಾಲವನ್ನೂ ಬಿಟ್ಟು, ನಡುವಿನ ತುಂಡುಗಳನ್ನು ನಾಲ್ಕು ಜಾಡಿಗಳಿಗೆ ತುಂಬುವುದು ಎಂದಾಯಿತು. ತಲೆ ಹಲಗೆಯ ತುದಿಯಲ್ಲಿ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು.

ಅಷ್ಟರಲ್ಲಿ ಕಟ್ಟೆಯ ಕೆಳಗಿನಿಂದ ಒಂದು ಕಂದು ಬೆಕ್ಕು ನೆಗೆದು, ತಲೆಯನ್ನು ಕಚ್ಚಿಕೊಂಡು ಓಡಿತು. ಮಾವಶಿ ಬೈಯುತ್ತ ಕತ್ತಿ ಹಿಡಿದೇ ಅದರ ಹಿಂದೆ ಹೋದಳು. ಅವಳ ಹಿಂದೆ, ಹೆಣ್ಣುಮಗಳು ಕತ್ತಿ ಹಿಡಿದು ಎಲ್ಲಿ ಜಾರಿ ಬೀಳುತ್ತಾಳೋ ಎಂದು ಕೂಗುತ್ತ ಮ್ಯಾನೇಜರು. ಬೆಕ್ಕು ಐಸ್ ಪೆಟ್ಟಿಗೆಯ ಮೇಲೆ ಕೂತು, ಇವರಿಬ್ಬರ ಕಣ್ಣೆದುರೇ ತಲೆಯನ್ನು ಕಿವಿರಿನಿಂದ ಶುರುಮಾಡಿ ಪೂರ್ತಿ ತಿಂದು ಮೀಸೆ ಒರೆಸಿಕೊಂಡಿತು. ನಾನೂ ಅದನ್ನೇ ನೋಡುತ್ತಿದ್ದೆ. ಅವರು ಹಿಂತಿರುಗುವಷ್ಟರಲ್ಲಿ ನನ್ನ ಕೈಗಳು ಜಾಡಿಗಳ ಮುಚ್ಚಳ ಬಿಗಿದು, ಚೀಟಿ ಬರೆದು ಅಂಟಿಸಿ, ದಾರ ಸುತ್ತಲು ಹಿಡಿದಿದ್ದವು. ಮ್ಯಾನೇಜರು ಏದುಸಿರು ಬಿಡುತ್ತ ಸಹಿ ಹಾಕಿದರು.

ಹತ್ತು ದಿನಕ್ಕೆ ವರದಿ ಬಂತು. ಮಾದರಿಯಲ್ಲಿ ಫಾರ್ಮಲಿನ್ ಇದೆ, ತಿನ್ನಲು ಅಸುರಕ್ಷಿತ.

ಸಾಹೇಬರು ಕುರ್ಚಿಯಿಂದ ಎದ್ದು ನನ್ನ ಕೈ ಕುಲುಕಿದರು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ವಿಭಾಗದ ಮೊದಲ ಮೀನು ಕೇಸು! ಪತ್ರಿಕೆಯವರು ಬಂದರು. ಫೋಟೋಗೆಂದು ಎಲ್ಲಿಂದಲೋ ಒಂದು ಮೀನು ತರಿಸಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹೆರಿಗೆ ಆಸ್ಪತ್ರೆಯಲ್ಲಿ ಮಗು ಎತ್ತಿಕೊಂಡ ತಂದೆಯಂತೆ ಎರಡೂ ಕೈಯಲ್ಲಿ ಹಿಡಿದು ನಿಂತೆ. ಮರುದಿನ ಆ ಚಿತ್ರ ಪತ್ರಿಕೆಯಲ್ಲಿ ಬಂತು. ಹೆಂಡತಿ ಮೀನಿನ ಭಾಗವನ್ನು ಕತ್ತರಿಸಿ ತೆಗೆದು, ನನ್ನ ಮುಖವನ್ನಷ್ಟೇ ಫ್ರೇಮಿಗೆ ಹಾಕೋಣ ಎಂದಳು. ನಿಜ ಹೇಳುತ್ತೇನೆ, ಆ ವಾರವೆಲ್ಲ ನನ್ನ ಎದೆ ಉಬ್ಬಿತ್ತು. ಲೋಕಲಿನಲ್ಲಿ ಯಾರಾದರೂ ಗುರುತು ಹಿಡಿಯಲಿ ಎಂದು ಬಾಗಿಲ ಹತ್ತಿರವೇ ನಿಲ್ಲುತ್ತಿದ್ದೆ.

ಅದೇ ವಾರ ಮಾವಶಿಯ ಕಟ್ಟೆಗೆ ಬೀಗ ಬಿತ್ತು. ಅವಳು ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತಳು. ಮುಡಿಯಲ್ಲಿ ದಂಡೆ ಇರಲಿಲ್ಲ.

"ಆ ಕಟ್ಟಿ ಮ್ಯಾಲೆ ನಮ್ಮಜ್ಜಿ ಕುಂತಾಳ, ನಮ್ಮವ್ವ ಕುಂತಾಳ," ಎಂದಳು. "ಮುಂಜಾನೆ ಬಂದದ್ದ ಮಾರ್ತೀನಿ, ಉಳಿದದ್ದು ಬೆಕ್ಕಿಗೆ ಹಾಕ್ತೀನಿ. ನನ್ನ ಮೀನದಾಗ ಔಷಧ ಎಲ್ಲಿಂದ ಬಂತು?"

"ಅದನ್ನು ಸಾಹೇಬರ ಮುಂದೆ ವಿಚಾರಣೆಯಲ್ಲಿ ಹೇಳಮ್ಮ," ಎಂದೆ, ದೊಡ್ಡ ಮನುಷ್ಯನ ದನಿಯಲ್ಲಿ. ವಿಚಾರಣೆ ಎರಡು ವಾರಕ್ಕಿತ್ತು. ಅದರಲ್ಲಿ ಸೋತರೆ ಪರವಾನಗಿ ರದ್ದು, ಕಟ್ಟೆ ಬೇರೆಯವರ ಪಾಲು. ಅವಳು ಹೋದ ಮೇಲೆ, ಪಾಪ ಎನ್ನಿಸಿತು. ಆದರೆ ತಪ್ಪು ಮಾಡಿದವರೆಲ್ಲ ಹೀಗೇ ಹೇಳುತ್ತಾರೆ ಎಂದುಕೊಂಡು ಚಹಾ ತರಿಸಿ ಕುಡಿದೆ.

ವಿಚಾರಣೆಗೆ ಎರಡು ದಿನ ಇದೆ ಎನ್ನುವಾಗ ತಬೇಲಾ ಒಂದರಲ್ಲಿ ಹಾಲಿನ ಮಾದರಿ ತೆಗೆಯಲು ಹೋಗಿದ್ದೆ. ಮೀನು ಹಿಡಿದ ಕೀರ್ತಿವಂತನೆಂದು ತಬೇಲಾದ ಯಜಮಾನ ಕುರ್ಚಿ ಹಾಕಿ ಕೂರಿಸಿದ. ನಾನು ಅವನಿಗೆ ಬೆಕ್ಕಿನ ಕಥೆ ಹೇಳುತ್ತಿದ್ದೆ. ಕೈಗಳು ಎಂದಿನಂತೆ ಕೆಲಸ ನಡೆಸಿದ್ದವು. ಹೇಳುತ್ತ ಹೇಳುತ್ತ ಯಾಕೋ ಕೆಳಗೆ ನೋಡಿದೆ. ನನ್ನ ಬಲಗೈ ಚಿಕ್ಕ ಸೀಸೆಯೊಂದನ್ನು ಬಾಟಲಿಯ ಬಾಯಿಗೆ ಬಗ್ಗಿಸಿ ಹನಿ ಹಾಕುತ್ತಿತ್ತು. ಒಂದು, ಎರಡು, ಮೂರು.

ಹಾಲು ಪ್ರಯೋಗಾಲಯ ಮುಟ್ಟುವವರೆಗೆ ಒಡೆಯದಿರಲೆಂದು ಹಾಕುವ ಹನಿ. ಹಾಕಲೇಬೇಕೆಂದು ನಿಯಮವೇ ಹೇಳುವ ಹನಿ. ಆ ಸೀಸೆಯಲ್ಲಿದ್ದದ್ದು ಫಾರ್ಮಲಿನ್.

ಕಥೆಯನ್ನು ಬೆಕ್ಕು ನೆಗೆದಲ್ಲಿಗೇ ನಿಲ್ಲಿಸಿ ಎದ್ದೆ. ಯಜಮಾನ, "ಮುಂದೇನಾಯಿತು ಸಾಹೇಬ್?" ಎಂದು ಗೇಟಿನವರೆಗೂ ಕೇಳುತ್ತ ಬಂದ. ಮುಂದೇನಾಯಿತು ಎಂದು ನನಗೂ ತಿಳಿಯಬೇಕಿತ್ತು.

ಕಚೇರಿಯ ಫ್ರಿಜ್ಜಿನಲ್ಲಿ ಸುರಮೈಯ ಉಳಿದ ಮೂರು ಜಾಡಿಗಳು ಸಾಲಾಗಿ ಕೂತಿದ್ದವು. ಒಂದನ್ನು ಬೆಳಕಿಗೆ ಹಿಡಿದೆ. ಚೀಟಿಯ ಮೇಲೆ ನನ್ನದೇ ದುಂಡು ಅಕ್ಷರ. ಕೆಡದಂತೆ ಸೇರಿಸಿದ ಪದಾರ್ಥ ಎಂಬ ಕಡೆ ಅಚ್ಚುಕಟ್ಟಾಗಿ ಬರೆದಿದ್ದೆ: ಫಾರ್ಮಲಿನ್. ಪಕ್ಕದಲ್ಲಿ ಹನಿಗಳ ಸಂಖ್ಯೆ. ಕೆಳಗೆ ನನ್ನ ಸಹಿ, ಅದರ ಕೆಳಗೆ ಉಡುಪಿ ಹೋಟೆಲಿನವರ ಸಹಿ. ಪ್ರಯೋಗಾಲಯದವರು ಅದನ್ನು ಓದಿರಲಿಲ್ಲ, ಸಾಹೇಬರು ಓದಿರಲಿಲ್ಲ, ಪತ್ರಿಕೆಯವರು ಓದಿರಲಿಲ್ಲ. ಬರೆದ ನಾನೂ ಓದಿರಲಿಲ್ಲ.

ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಚೀಟಿ ತಣ್ಣಗೆ ಒದ್ದೆಯಾಗಿತ್ತು, ಉಗುರು ಹಾಕಿ ಎಳೆದರೆ ಬಂದುಬಿಡುತ್ತಿತ್ತು. ನಾಲ್ಕನೆಯ ಜಾಡಿ ಪ್ರಯೋಗಾಲಯದಲ್ಲಿ ಯಾವತ್ತೋ ಖಾಲಿಯಾಗಿತ್ತು. ಫೋಟೋ ಫ್ರೇಮಿನಲ್ಲಿತ್ತು. ನಿವೃತ್ತಿಗೆ ಮೂರು ವರ್ಷ. ನಾನು ಉಗುರು ಹಾಕಿದೆ ಕೂಡ. ಇದನ್ನು ಇದುವರೆಗೆ ಹೆಂಡತಿಗೂ ಹೇಳಿಲ್ಲ. ಒಂದು ಮೂಲೆ ಎದ್ದು ಬಂದಾಗ ನನಗೆ ಹೇಸಿಗೆಯಾಯಿತು, ಮೀನಿನದಲ್ಲ, ನನ್ನದು. ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿ ಬಾಗಿಲು ಹಾಕಿದೆ.

ಮನೆಗೆ ಹೋಗಿ ಹೆಂಡತಿಗೆ ಉಳಿದದ್ದೆಲ್ಲ ಹೇಳಿದೆ. ಅವಳು ಬಾಯಿಗೆ ಸೆರಗು ಒತ್ತಿ ಕೇಳಿದಳು.

"ಅಂದ್ರ ಇಷ್ಟ ವರ್ಷ ಹಾಲಿಗೆ ಹೆಣದ ಔಷಧ ಹಾಕೋದು ನಿಮ್ಮ ನೌಕರೀನ?"

"ಅದು ಮಾದರಿಗೆ ಅಷ್ಟ. ಯಾರೂ ಕುಡಿಯೂದಿಲ್ಲ."

"ಮನ್ಯಾಗಿನ ಹಾಲಿಗೂ ಹಾಕೀರೇನು? ನಿಮ್ಮ ಕೈಗೆ ನೆನಪ ಇರೂದಿಲ್ಲ, ನೀವ ಹೇಳ್ತೀರಿ!"

ಅವತ್ತಿನಿಂದ ಇವತ್ತಿನವರೆಗೆ ನಮ್ಮ ಮನೆಯಲ್ಲಿ ಹಾಲಿನ ಪಾತ್ರೆ ಮುಟ್ಟುವ ಹಕ್ಕು ನನಗಿಲ್ಲ. ಚಹಾ ಬೇಕೆಂದರೆ ಕೇಳಬೇಕು. ಆದರೆ ಊಟಕ್ಕೆ ಬಡಿಸುತ್ತ ಅವಳೇ ಅಂದಳು: "ಆ ಹೆಣ್ಣಮಗಳು ಮೀನಾ ಮಾರ್ಲಿ, ಮೊಸಳಿ ಮಾರ್ಲಿ, ಕಟ್ಟಿ ಆಕೀದು. ನಾಡಿದ್ದ ಹೋಗಿ ಎಲ್ಲಾರ ಮುಂದ ಹೇಳ್ರಿ. ಇಲ್ಲಂದ್ರ ನನಗ ಹೇಳ್ರಿ, ನಾನ ಬಂದು ಹೇಳ್ತೀನಿ." ಮೀನಿನವಳ ಪರವಾಗಿ ನನ್ನ ಹೆಂಡತಿ ಮಾತಾಡುವ ದಿನ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ವಿಚಾರಣೆಯ ದಿನ ಮಾವಶಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತುಕೊಂಡೇ ಬಂದಳು. ಮುಚ್ಚಿದ ಬುಟ್ಟಿಯನ್ನು ಸಾಹೇಬರ ಮೇಜಿನ ಮೇಲೆ ಇಟ್ಟು ಬಟ್ಟೆ ತೆಗೆದಳು. ಒಳಗಿನಿಂದ ಕಂದು ಬೆಕ್ಕು ತಲೆ ಎತ್ತಿತು.

"ಇದ ನನ್ನ ಸಾಕ್ಷಿ," ಎಂದಳು. "ಅದ ಮೀನದ ತಲಿ ತಿಂದದ್ದು ಇದು. ಈ ಸಾಹೇಬನ ಕಣ್ಣ ಮುಂದ ತಿಂದೈತಿ. ಔಷಧದ ಮೀನಾ ಬೆಕ್ಕು ಮೂಸೂದೂ ಇಲ್ಲ. ತಿಂದಿದ್ರ ಇಷ್ಟೊತ್ತಿಗೆ ಸತ್ತಿರ್ತಿತ್ತು. ನೋಡ್ರಿ, ಹ್ಯಾಂಗ ದುಂಡಗ ಐತಿ!"

ಬೆಕ್ಕು ಕಡತಗಳನ್ನು ಮೂಸಿ, ನನ್ನ ಕೇಸಿನ ಕಡತದ ಮೇಲೆ ಸುರುಳಿ ಸುತ್ತಿ ಮಲಗಿತು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಕ್ಷಿ ಹೇಳಲು ಬಂದಿದ್ದ ಮ್ಯಾನೇಜರು ಕೈ ಮುಗಿದು, "ಬೆಕ್ಕು ಅದೇ ಸ್ವಾಮಿ, ಬಾಲದ ತುದಿ ಬಿಳಿ ಉಂಟು, ನಾನು ಗುರುತು ಹಿಡಿದೆ," ಎಂದು ಕನ್ನಡದಲ್ಲೇ ಹೇಳಿದರು. ಗುಮಾಸ್ತರು ನಕ್ಕರು. ಮಾವಶಿ ಮಾತ್ರ ನಗಲಿಲ್ಲ. ಬುಟ್ಟಿಯ ಅಂಚು ಹಿಡಿದು ಸಾಹೇಬರನ್ನೇ ನೋಡುತ್ತಿದ್ದಳು.

"ಕಾನೂನಿನಲ್ಲಿ ಬೆಕ್ಕಿಗೆ ಜಾಗ ಇಲ್ಲಮ್ಮ," ಎಂದರು ಸಾಹೇಬರು ಕಣ್ಣೊರೆಸಿಕೊಳ್ಳುತ್ತ.

ನಾನು ಎದ್ದು ಹೋಗಿ ಫ್ರಿಜ್ಜಿನಿಂದ ಮೂರು ಜಾಡಿಗಳನ್ನು ತಂದು ಬೆಕ್ಕಿನ ಪಕ್ಕದಲ್ಲಿ ಇಟ್ಟೆ. "ಬೆಕ್ಕು ಹೇಳುವುದು ನಿಜ ಸಾಹೇಬ್," ಎಂದೆ. ಚೀಟಿಯನ್ನು ಗಟ್ಟಿಯಾಗಿ ಓದಿದೆ. ಬೆಕ್ಕು ತಲೆ ಕದ್ದ ಮೇಲೆ ನನ್ನ ಕೈ ಹನಿ ಹಾಕಿತೆಂದೂ, ಎಲ್ಲರೂ ಬೆಕ್ಕನ್ನೇ ನೋಡುತ್ತಿದ್ದರೆಂದೂ ಹೇಳಿದೆ. ನಗು ನಿಂತಿತು. ಸಾಹೇಬರು ಜಾಡಿಯನ್ನು ಮೂಗಿನ ಹತ್ತಿರ ಹಿಡಿದು ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ನನ್ನನ್ನು ನೋಡಿದರು. ವಿಭಾಗದ ಮೊದಲ ಮೀನು ಕೇಸು ಅವರ ಕಣ್ಣೆದುರೇ ಸಾಯುತ್ತಿತ್ತು.

ಕೇಸು ವಜಾ ಆಯಿತು, ಕಟ್ಟೆಯ ಬೀಗ ತೆಗೆಯಲು ಅಪ್ಪಣೆಯಾಯಿತು. ಮಾವಶಿ ಹೊರಡಲಿಲ್ಲ.

"ನನ್ನ ಮೀನಕ್ಕ ಔಷಧ ಹಾಕಿದವ ಸಿಕ್ಕಾನ," ಎಂದಳು. "ಅವನ ಮ್ಯಾಲೆ ಕಂಪ್ಲೇಂಟ್ ಎಲ್ಲಿ ಕೊಡಬೇಕು?"

ದೂರು ತೆಗೆದುಕೊಳ್ಳುವ ಮೇಜು ನನ್ನದೇ. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ನಾನೇ ಫಾರ್ಮು ತುಂಬಿದೆ, ಆರೋಪಿಯ ಜಾಗದಲ್ಲಿ ನನ್ನ ಹೆಸರು ಬರೆದೆ, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಸ್ವೀಕೃತಿ ಚೀಟಿ ಹರಿದುಕೊಟ್ಟೆ. ಅದರ ಮೇಲೆ ನನಗೆ ನೋಟೀಸು ಬಂತು, ಉತ್ತರ ಬರೆದೆ, ಒಂದು ಬಡ್ತಿ ತಪ್ಪಿತು. ಅದು ಇರಲಿ.

ಕಷ್ಟ ಶುರುವಾದದ್ದು ಆಮೇಲೆ. ಬೀಗ ತೆಗೆದರೂ ಗಿರಾಕಿಗಳು ಬರಲಿಲ್ಲ. ನನ್ನ ದೊಡ್ಡ ಫೋಟೋ ಎಲ್ಲರೂ ನೋಡಿದ್ದರು. ತಪ್ಪಾಯಿತು ಎಂಬ ನಾಲ್ಕು ಸಾಲು ಪತ್ರಿಕೆಯ ಮೂಲೆಯಲ್ಲಿ, ಮದುವೆ ಜಾಹೀರಾತಿನ ಕೆಳಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ಕ್ಷಮೆ ಕೇಳಲೆಂದು ಮಾರುಕಟ್ಟೆಗೆ ಹೋದಾಗ ಅವಳು ಐಸಿನ ಮೇಲೆ ಹಾಗೇ ಉಳಿದ ಮೀನಿನ ಮುಂದೆ ಕೂತಿದ್ದಳು.

"ಕ್ಷಮಾ ಅಂದ್ರ ಮೀನಾ ಮಾರಾಟ ಆಗೂದಿಲ್ಲ," ಎಂದಳು. "ಪ್ರತಿ ಐತವಾರ ಬಾ. ಕೊರಳಾಗ ಆ ಸರಕಾರಿ ಚೀಟಿ ಹಾಕ್ಕೊಂಡು ಬಾ. ಎಲ್ಲಾರಿಗೆ ಕಾಣೂ ಹಂಗ ನಿಂತು ನನ್ನ ಕಡೆ ಮೀನಾ ತಗೋ. ಮೂಗಿಗೆ ಅರಿಬಿ ಹಿಡೀಬ್ಯಾಡ."

ಹೀಗೆ ಧಾರವಾಡದ ಶಾಕಾಹಾರಿಯಾದ ನಾನು ಪ್ರತಿ ಭಾನುವಾರ ಅಂಧೇರಿಯ ಮೀನು ಮಾರುಕಟ್ಟೆಯ ಗಿರಾಕಿಯಾದೆ. ಫ್ರೈಗೆ ಹೆಚ್ಚಿಸಿದ ಸುರಮೈ ಎದುರಿನ ಹೋಟೆಲಿನ ಹಿಂಬಾಗಿಲಿನಿಂದ ಮ್ಯಾನೇಜರಿಗೆ ತಲುಪುತ್ತಿತ್ತು. ನನ್ನ ಪಾಪದಿಂದ ಪುಣ್ಯ ಬಂದದ್ದು ಅವರೊಬ್ಬರಿಗೇ. "ಇನ್ನೊಂದು ಕೇಸು ಉಂಟಾ ಮಾರಾಯ್ರೆ, ಬಂಗುಡೆದು?" ಎಂದು ಕೇಳುತ್ತಿದ್ದರು.

ಮೊದಲ ಭಾನುವಾರ ನಾನು ಮೀನಿನ ಕಡೆಗೆ ಕೈ ಚಾಚಿದಾಗ ಮಾವಶಿ ಕತ್ತಿಯ ಹಿಡಿಯಿಂದ ತಡೆದಳು.

"ಮೊದ್ಲ ಕೈ ತೋರ್ಸು."

ಎರಡೂ ಕೈ ಚಾಚಿದೆ. ಅವಳು ಮಣಿಕಟ್ಟು ಹಿಡಿದು ಎಳೆದುಕೊಂಡು, ಅಂಗೈ, ಬೆರಳ ಸಂದು, ಉಗುರು ಎಲ್ಲ ಮೂಸಿ ನೋಡಿದಳು. ಇಡೀ ಮಾರುಕಟ್ಟೆ ನೋಡುತ್ತಿತ್ತು. ಆಮೇಲೆಯೇ ಮೀನು ಮುಟ್ಟಲು ಬಿಟ್ಟಳು, ಕಿವಿರು ಎತ್ತಿ ಕೆಂಪು ನೋಡುವುದನ್ನೂ ಬೆರಳಿನಿಂದ ಒತ್ತಿ ಗಟ್ಟಿತನ ನೋಡುವುದನ್ನೂ ಕಲಿಸಿದಳು. ಪ್ರತಿ ವಾರವೂ ಮೊದಲು ನನ್ನ ಕೈ ತಪಾಸಣೆ, ಆಮೇಲೆ ಮೀನಿನದು. ಅದನ್ನು ನೋಡಲೆಂದೇ ಜನ ಸೇರತೊಡಗಿದರು. ನೋಡಲು ಬಂದವರು ಬರಿಗೈಯಲ್ಲಿ ಹೋಗುವುದು ಹೇಗೆ? ಆರು ತಿಂಗಳಲ್ಲಿ ಅವಳ ಮುಡಿಗೆ ದಂಡೆ ವಾಪಸು ಬಂತು.

ಈಗ ನಾನು ನಿವೃತ್ತ. ಕೊರಳಲ್ಲಿ ಸರಕಾರಿ ಚೀಟಿ ಇಲ್ಲ, ಬರಬೇಕೆಂಬ ಕಟ್ಟಳೆಯೂ ಇಲ್ಲ. ಆದರೂ ಭಾನುವಾರ ಬಂದರೆ ಕಾಲು ಆ ಕಡೆ ನಡೆಯುತ್ತದೆ. ಹೋದ ವಾರ ಕಟ್ಟೆಯ ಮುಂದೆ ಯಾರೋ ಹೊಸ ಹೆಂಗಸು ಮೀನನ್ನು ಅನುಮಾನದಿಂದ ನೋಡುತ್ತ, "ಇದಕ್ಕೆ ಏನಾದರೂ ಹಾಕಿದ್ದೀರಾ?" ಎಂದು ಹಿಂದಿಯಲ್ಲಿ ಕೇಳುತ್ತಿದ್ದಳು. ಮಾವಶಿ ನನ್ನನ್ನು ನೋಡಿ ಬಾ ಎಂದು ತಲೆಯಾಡಿಸಿದಳು. ನಾನು ಹೋಗಿ ಎರಡೂ ಕೈ ಚಾಚಿದೆ. ಅವಳು ನಿಧಾನವಾಗಿ, ಒಂದು ಬೆರಳೂ ಬಿಡದೆ ಮೂಸಿದಳು. ಆಮೇಲೆ ನನ್ನ ಕೈಯನ್ನು ಆ ಹೆಂಗಸಿಗೆ ಕಾಣುವಂತೆ ಎತ್ತಿ ಹಿಡಿದಳು.

"ಇವತ್ತ ಏನೂ ಹಾಕಿಲ್ಲ," ಎಂದಳು. "ತಗೋ ತಂಗಿ, ಫ್ರೈಗೋ, ಸಾರಿಗೋ?"